ಮೂರನೆಯ ಚರಣದ ಅರ್ಥ

ನನ್ನ ಗಂಡ ಲಕ್ಷ್ಮೀಶರಿಗೆ ಅರ್ಥ ಹೇಳುವ ಚಟ. ಜರ್ಮನಿಯ ಎರ್ಲಾಂಗೆನ್ನಿಗೆ ಬಂದು ತಲೆ ಬೆಳ್ಳಗಾಗಿ, ಪ್ರಯೋಗಾಲಯದಿಂದ ನಿವೃತ್ತರಾದರೂ ಅದು ಬಿಟ್ಟಿಲ್ಲ. ನಮ್ಮ ಕನ್ನಡ ಸಂಘದಲ್ಲಿ ನಾನು ಗಮಕ ಹಾಡುತ್ತೇನೆ, ಅವರು ವ್ಯಾಖ್ಯಾನ ಮಾಡುತ್ತಾರೆ. ನಾನು ಎರಡು ಸಾಲು ಹಾಡಿದರೆ ಅವರು ಅರ್ಧ ಗಂಟೆ ಮಾತಾಡುತ್ತಾರೆ. ಬಿಸಿಬೇಳೆಬಾತ್ ತಣ್ಣಗಾಗುತ್ತದೆಂದು ಯಾರಾದರೂ ಕೆಮ್ಮಿದ ಮೇಲೆ ಮಂಗಳ ಹಾಡುತ್ತೇವೆ.

ಈ ವರ್ಷ ಸಂಘಕ್ಕೆ 'ಇಂಟಿಗ್ರೇಷನ್', ಅಂದರೆ ಜರ್ಮನ್ನರ ಜೊತೆ ಬೆರೆಯುವ ಹುಚ್ಚು ಹಿಡಿಯಿತು. ಜರ್ಮನ್ ಹಾಡೊಂದಕ್ಕೆ ಗಮಕದ ಮಾದರಿಯಲ್ಲೇ ಅರ್ಥ ಹೇಳಬೇಕಂತೆ. ನಮ್ಮ ಯಜಮಾನರು ಆರಿಸಿದ್ದು ನಾವು ಬಂದ ಹೊಸತರಲ್ಲಿ ರೇಡಿಯೋದಲ್ಲಿ ಸದಾ ಬರುತ್ತಿದ್ದ ಒಂದು ಸಿಂತ್-ಪಾಪ್ ಹಾಡು. ಹಿಂದೆ ಯಂತ್ರ ಟಿಕ್‌ಟಿಕ್ ಎನ್ನುತ್ತಿರುತ್ತದೆ, ಮುಂದೆ ಒಬ್ಬ ನೆಗಡಿಯಾದವನಂತೆ ಹಾಡುತ್ತಾನೆ. ವಿಷಯ ಮೆಟ್ಟಿಲ ದೀಪ. ಇಲ್ಲಿನ ಕಟ್ಟಡಗಳಲ್ಲಿ ಅದು ಸ್ವಲ್ಪ ಹೊತ್ತಿಗೆ ತಾನೇ ಆರಿಹೋಗುತ್ತದೆ, ಮತ್ತೆ ಸ್ವಿಚ್ ಒತ್ತಬೇಕು. "ದೀಪ ಆರಿತು, ಮತ್ತೆ ಒತ್ತು." ಮೊದಲೆರಡು ಚರಣ ಅಷ್ಟೇ.

ಮೂರನೆಯದು ಬೇರೆ. ಅದರಲ್ಲಿ ಒಬ್ಬ ಹುಡುಗ, ಒಬ್ಬ ಹುಡುಗಿ ಮೆಟ್ಟಿಲ ಮೇಲಿರುವಾಗ ದೀಪ ಆರುತ್ತದೆ, ಇಬ್ಬರಲ್ಲಿ ಯಾರೂ ಒತ್ತುವುದಿಲ್ಲ.

ಮದುವೆಯಾಗಿ ಬಂದ ಮೊದಲ ಚಳಿಗಾಲ, ಅಕ್ಕಿಚೀಲ ಹಿಡಿದು ಮನೆಗೆ ಹತ್ತುವಾಗ ನಮಗೂ ದೀಪ ಆರಿತ್ತು. ಮೇಲಿನ ಮನೆಯಿಂದ ಇದೇ ಹಾಡು ಕೇಳಿಸುತ್ತಿತ್ತು. ಇವರು ಸ್ವಿಚ್ ಒತ್ತಲಿಲ್ಲ. ಚೀಲ ಕೆಳಗಿಟ್ಟು ಮಾಡಿದ್ದೇನೆಂದು ಇಲ್ಲಿ ಬರೆಯುವುದಿಲ್ಲ. ಆಮೇಲೆ ಆ ಮಾತನ್ನು ಇವರು ಎತ್ತಿದ್ದೇ ಇಲ್ಲ. ಇವರಿಗೆ ಅದು ನೆನಪಿದೆಯೋ ಇಲ್ಲವೋ, ನನಗೆ ತಿಳಿಯಬೇಕಿದ್ದುದು ಅದೊಂದೇ. ಕೇಳಿದರೆ "ಯಾವ ಚೀಲ?" ಎಂದುಬಿಟ್ಟಾರೆಂಬ ಭಯಕ್ಕೆ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆ.

ಭಾನುವಾರ ಮಧ್ಯಾಹ್ನ ಕಾರ್ಯಕ್ರಮ. ಮಗಳು ಸುರಭಿ ಆ ಹಾಡು ಬರೆದ ಡೀಟ್ಮಾರ್ ಎಂಬ ಮುದುಕರನ್ನೇ ಹುಡುಕಿ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದ್ದಳು. ಮಾತನ್ನೆಲ್ಲ ಅವರ ಕಿವಿಯಲ್ಲಿ ಜರ್ಮನ್ನಿಗೆ ತಿರುಗಿಸುತ್ತಿದ್ದಳು. ನಾನು ಮೊದಲೆರಡು ಚರಣ ಹಾಡಿದೆ. ಇವರು ಶುರುಮಾಡಿದರು.

"ದೀಪ ಅಂದ್ರೆ ಆತ್ಮ. ಮೆಟ್ಟಿಲು ಅಂದ್ರೆ ಜನ್ಮಗಳು. ಸ್ವಿಚ್ ಅನ್ನೋದು ಕರ್ಮ."

ಬೊಬ್ಲಿಂಗೆನ್ನಿನಿಂದ ಬಂದಿದ್ದ ಕಾರು ಎಂಜಿನಿಯರ್ ಮಲ್ಲಿಕಾರ್ಜುನ ಎದ್ದು ನಿಂತ. "ಅಲ್ರೀ ಸರ, ಹಂಗಾದ್ರ ಟೈಮರ್ ಸೆಟ್ ಮಾಡೋ ಹೌಸ್‌ಮೈಸ್ಟರ್ ಏನು ದೇವ್ರೇನ್ರಿ?"

ಅದಕ್ಕೂ ಇವರಲ್ಲಿ ಉತ್ತರವಿತ್ತು. ಕಟ್ಟಡ ನೋಡಿಕೊಳ್ಳುವ ಆ ಬಡಪಾಯಿ ನೋಡನೋಡುತ್ತಲೇ ಸಗುಣ ಬ್ರಹ್ಮನಾದ. ಸಭೆ ತಲೆದೂಗಿತು.

ಡೀಟ್ಮಾರ್ ಸಂಕೋಚದಿಂದ ಎದ್ದರು. "ನಾನು ಅಷ್ಟೆಲ್ಲ ಯೋಚಿಸಿರಲಿಲ್ಲ," ಎಂದು ಜರ್ಮನ್ನಿನಲ್ಲಿ ಹೇಳಿದರು. "ನಮ್ಮ ಕಟ್ಟಡದಲ್ಲಿ ಒಬ್ಬ ಹುಡುಗಿ ಇದ್ದಳು. ಮುತ್ತು ಕೊಡಲು ಕತ್ತಲೆ ಬೇಕಿತ್ತು. ಈಗ ಅವಳು ಒಬ್ಬ ಹಲ್ಲಿನ ಡಾಕ್ಟರರ ಹೆಂಡತಿ."

ಸುರಭಿ ಕನ್ನಡಕ್ಕೆ ತರುವಾಗ ಮುತ್ತನ್ನು 'ಭೇಟಿ' ಮಾಡಿದಳು. ಆದರೆ ಸಭೆಯಲ್ಲಿ ಎಲ್ಲರಿಗೂ ಜರ್ಮನ್ ಬರುತ್ತಿತ್ತು.

"ಕವಿಗೆ ತನ್ನ ಕಾವ್ಯ ಗೊತ್ತಿರಲ್ಲ. ದಟ್ ಈಸ್ ವೆರಿ ನ್ಯಾಚುರಲ್," ಎಂದು ಇವರು ಅವರಿಗೇ ಸಮಾಧಾನ ಹೇಳಿದರು.

ಡೀಟ್ಮಾರ್ ಧನ್ಯವಾದ ಹೇಳಿ, "ಆದರೆ ಹಾಡು ಇರುವುದೇ ಮೂರನೆಯ ಚರಣದಲ್ಲಿ. ಅದನ್ನು ಹಾಡುವುದಿಲ್ಲವೇ?" ಎಂದರು.

"ಟೈಮಿಲ್ಲ, ಊಟಕ್ಕೆ ಲೇಟಾಗತ್ತೆ," ಎಂದರು ಇವರು. ಬೇರೆಯವರ ಊಟದ ಚಿಂತೆ ಇವರಿಗೆ ಹತ್ತಿದ್ದು ಅದೇ ಮೊದಲು. ನನಗೆ ರೇಗಿತು. ಇವರ ಕಡೆ ನೋಡದೆ ಮೂರನೆಯ ಚರಣವನ್ನು ಪೂರ್ತಿ ಹಾಡಿಬಿಟ್ಟೆ. 

"ಈಗ ಇದರ ಅರ್ಥ ಹೇಳ್ರಿ ಸರ," ಎಂದ ಮಲ್ಲಿಕಾರ್ಜುನ.

ಇವರು ಮೈಕು ಎತ್ತಿದರು. ನನ್ನ ಕಡೆ ಒಮ್ಮೆ ನೋಡಿ ಕಣ್ಣು ತಗ್ಗಿಸಿದರು. ಈ ವಯಸ್ಸಿನಲ್ಲಿ ಇವರ ಕಿವಿ ಅಷ್ಟು ಕೆಂಪಾಗಬಹುದೆಂದು ನನಗೆ ಗೊತ್ತಿರಲಿಲ್ಲ.

"ಇದಕ್ಕೆ ಅರ್ಥ ಹೇಳಕ್ಕಾಗಲ್ಲ," ಎಂದರು.

"ಯಾಕ್ರೀ ಸರ?"

"ಅದು ನಮ್ಮ ಮನೇ ವಿಷಯ."