ಅಕ್ಕನ ಪಾಲಿನ ಕಾಣೆ

ನನ್ನ ತಮ್ಮ ಲೀಲಾಧರ ಕುಂದಾಪುರದ ಶಾಲೆಯಲ್ಲಿ ಮಾಸ್ಟ್ರು. ಭಾನುವಾರ ಬಂತೆಂದರೆ ಮಾಸ್ಟ್ರಿಕೆ ಮರೆತು ಹಟ್ಟಿಯಂಗಡಿ ಹೊಳೆಗೆ ಇಳಿಯುತ್ತಿದ್ದ. ಬೀಸುಬಲೆಯ ಅಂಚನ್ನು ಹಲ್ಲಿನಲ್ಲಿ ಕಚ್ಚಿ, ಸೊಂಟ ತಿರುಗಿಸಿ ಎಸೆದನೆಂದರೆ ಬಲೆ ನೀರಿನ ಮೇಲೆ ದುಂಡಗೆ ಬಿಚ್ಚಿಕೊಳ್ಳುತ್ತಿತ್ತು. ಮೊದಲು ಸಿಕ್ಕ ಕಾಣೆ ಮೀನು ನನ್ನ ಮನೆಗೆ. ನನ್ನ ಮದುವೆಯಾದ ವರ್ಷ ಅವನೇ ಮಾಡಿಕೊಂಡ ಕಟ್ಟಳೆ ಅದು.

ಅರವತ್ತೇಳನೇ ಇಸವಿಯಲ್ಲಿ ಅವನ ಕರುಳಿನಲ್ಲಿ ಗಡ್ಡೆ ಸಿಕ್ಕಿತು. ಡಾಕ್ಟರು ಕೆಳಗಿನ ದಾರಿ ಮುಚ್ಚಿ, ಹೊಟ್ಟೆಯ ಎಡಬದಿಗೆ ಬಾಯಿ ಮಾಡಿ, ಮಲ ಬೀಳಲು ಅಲ್ಲಿಗೊಂದು ರಬ್ಬರ್ ಚೀಲ ಕಟ್ಟಿ ಕಳಿಸಿದರು.

"ಅಕ್ಕಾ, ನಿಂಗ್ ಒಂದ್ ಕಾಣಿ ಹಿಡ್ದ್ ತಂದ್ ಕೊಟ್ರೆ ನಾನ್ ಗುಣ ಆದೆ ಅಂದೇಳಿ ಲೆಕ್ಕ" ಎಂದು ಮಲಗಿದಲ್ಲೇ ಹೇಳುತ್ತಿದ್ದ.

ವರ್ಷ ಕಳೆದ ಮೇಲೆ ಡಾಕ್ಟರು ಹೊಳೆಗೆ ಇಳಿಯಲು ಅಡ್ಡಿಯಿಲ್ಲ ಎಂದರು. ಹೆಗಲ ಮೇಲಿನ ಬೈರಾಸನ್ನು ಚೀಲದ ಮೇಲೆ ಬಿಗಿದು ಅಂಗಳದಲ್ಲಿ ಬಲೆ ಬೀಸಿ ನೋಡಿದ. ಮೊದಲ ದಿನ ಬಲೆ ಮುದ್ದೆಯಾಗಿ ಬಿತ್ತು. ಅವನ ಹೆಂಡತಿ ಸರಸ ನಕ್ಕಳು, ಅವನೂ ನಕ್ಕ. ಎಂಟನೇ ದಿನ ದುಂಡಗೆ ಬಿಚ್ಚಿತು. ನಾನು ಅತ್ತುಬಿಟ್ಟೆ.

ಆ ಭಾನುವಾರ ಮೊಣಕಾಲಿನವರೆಗೆ ಕೆಸರು ಮಾಡಿಕೊಂಡು ಬಂದ. "ಹ್ವಾಯ್ ಅಕ್ಕಾ, ನಿನ್ ಪಾಲ್!"

ಮೂರು ಕಾಣೆ. ಹಿಂದಿನ ದಿನವಷ್ಟೇ ಅವನು ಬಾವಿಕಟ್ಟೆಯ ಆಚೆ ಆ ಚೀಲ ತೊಳೆಯುವುದನ್ನು ಕಂಡಿದ್ದೆ. ಸೋಪು ಹಾಕಿ ಎರಡೆರಡು ಸಲ ಕೈ ತೊಳೆದದ್ದನ್ನೂ ಕಂಡಿದ್ದೆ. ನನ್ನ ಹಾಳು ಮನಸ್ಸಿಗೆ ಮೊದಲನೆಯದಷ್ಟೇ ನೆನಪಿತ್ತು. ಅವನು ಅತ್ತ ಹೋದದ್ದೇ ಮೀನನ್ನು ತೆಂಗಿನ ಬುಡಕ್ಕೆ ಹಾಕಿ ಮಣ್ಣೆಳೆದೆ. ನಾನು ಎತ್ತಿ ಆಡಿಸಿದ ತಮ್ಮ ಅವನು. ನನಗೆ ನಾಚಿಕೆಯಾಗಬೇಕಿತ್ತು.

"ಹೇಂಗಿತ್ತ್ ಅಕ್ಕಾ?" ಮರುದಿನ ಕೇಳಿದ.

"ಕಾಯಿ ಅರ್ದ್ ಗಸಿ ಮಾಡ್ದೆ, ಲಾಯ್ಕ್ ಆಯ್ತ್ ಮಗಾ."

ಅವನ ಮುಖ ಅರಳಿದ್ದು ಈಗಲೂ ಕಣ್ಣಿಗೆ ಕಟ್ಟಿದೆ. ಮತ್ತೆ ಮೂರು ಭಾನುವಾರ ತಂದ, ಮೂರು ಭಾನುವಾರ ನಾನು ಹೂತೆ.

ನಾಲ್ಕನೆಯ ಸಲ ನಾನು ಮಣ್ಣು ಸರಿಯಾಗಿ ಮುಚ್ಚಿರಲಿಲ್ಲ. ಮರುದಿನ ಅವನು ಶಾಲೆ ಬಿಟ್ಟು ನಮ್ಮಲ್ಲಿಗೆ ಬರುವಾಗ ನಾಯಿ ತೆಂಗಿನ ಬುಡ ಕೆದರಿತ್ತು. ಹೆಚ್ಚದ, ತೊಳೆಯದ, ಇಡೀ ಕಾಣೆ. ಅವನು ತುಂಬ ಹೊತ್ತು ನೋಡಿದ.

"ತೆಂಗಿಗ್ ಮೀನ್ ಗೊಬ್ಬರ ಒಳ್ಳೇದೇ ಅಕ್ಕ" ಎಂದು ಕೊಡೆ ತೆಗೆದುಕೊಂಡು ಹೋದ. ಬೈದಿದ್ದರೆ ಆಗುತ್ತಿತ್ತು.

ಮುಂದಿನ ಭಾನುವಾರ ಕೋಲಿನ ತುದಿಗೆ ಬುಟ್ಟಿ ಸಿಕ್ಕಿಸಿಕೊಂಡು ಬಂದ. ಮೆಟ್ಟಿಲ ಮೇಲಿಟ್ಟು ದೂರ ನಿಂತ.

"ಗಂಗೊಳ್ಳಿ ಮೀನ್ ಅಕ್ಕ. ಮೀನ್ ಮಾರು ನಾಗುವೇ ಬುಟ್ಟಿಗ್ ಹಾಕ್ ಕೊಟ್ಟದ್. ನಾನ್ ಮುಟ್ಲಿಲ್ಲೆ."

ಕಟ್ಟಳೆ ಮಾತ್ರ ಬಿಟ್ಟಿರಲಿಲ್ಲ.

ಆ ಮೀನನ್ನೂ ನಾನು ತಿನ್ನಲಿಲ್ಲ. ಸಂಜೆ ಅವನ ಮನೆಗೆ ಓಡಿದೆ. ಬಲೆಯನ್ನು ಕತ್ತರಿಸಿ ಕೋಳಿಗೂಡಿಗೆ ಕಟ್ಟಿದ್ದ. ಅವನ ಎರಡೂ ಕೈ ಹಿಡಿದುಕೊಂಡೆ.

"ಬೇರೆ ಬಲಿ ತಕೋ ಮಗಾ. ಕಾಣಿ ಹಿಡ್ಕಂಡ್ ಬಾ. ನಿನ್ನೆದ್ರೇ ಕೂತ್ ತಿಂತೆ."

ಅವನು ಮೆಲ್ಲಗೆ ಕೈ ಬಿಡಿಸಿಕೊಂಡ.

"ಬ್ಯಾಡ ಅಕ್ಕ. ನಾನ್ ಗುಣ ಆಯ್ಲಿಲ್ಲೆ."