ಬಾವಿಗಿಳಿದ ಎಂಜಿನ್

ದಂಡಿನಶಿವರದ ಹಾಲಸ್ವಾಮಿಯವರ ಫೋನ್ ಬಂದಾಗ ಬೆಳಗಿನ ಒಂಬತ್ತೂವರೆ. ತುರುವೇಕೆರೆ ಬಸ್ ನಿಲ್ದಾಣದ ಹಿಂದಿನ ಶೆಡ್ಡಿನಲ್ಲಿ ನೂರ್ ಅಹಮದ್ ಒಂದು ಪಂಪ್‌ಸೆಟ್ ಬಿಚ್ಚುತ್ತಾ ಕೂತಿದ್ದರು. ಕೈಯೆಲ್ಲ ಗ್ರೀಸ್ ಆಗಿದ್ದರಿಂದ ಮಗಳು ಸಾಬಿರಾ ಫೋನ್ ತೆಗೆದು ಸ್ಪೀಕರಿಗೆ ಹಾಕಿದಳು.

"ಸಾಬ್ರೇ, ಎಂಜಿನ್ ಹತ್ಕತಾ ಇಲ್ಲ ಕಣ್ರೀ. ಹ್ಯಾಂಡ್ಲು ಹೊಡ್ದೂ ಹೊಡ್ದೂ ನಮ್ಮ ಕೆಂಚಪ್ಪನ ರಟ್ಟೆ ಬಿದ್ದೋಯ್ತು. ಟ್ರಾನ್ಸ್‌ಫಾರ್ಮರ್ ಸುಟ್ಟೋಗಿ ಹನ್ನೊಂದು ದಿನ ಆಯ್ತು, ಕರೆಂಟಿನ ಸುದ್ದೀನೇ ಇಲ್ಲ. ಇವತ್ತು ನೀರು ಬುಡದಿದ್ರೆ ಸಸಿ ಒಂದೂ ಉಳಿಯಾಕಿಲ್ಲ."

"ಎಂಜಿನ್ ಎಲ್ಲಿಟ್ಟಿದೀರಿ?" ಸಾಬಿರಾ ಕೇಳಿದಳು.

"ಎರಡನೇ ಕಟ್ಟೆಗೆ ಇಳಿಸಿದೀವಿ ಕಣಮ್ಮ."

ಸಾಬಿರಾ ತಂದೆಯ ಮುಖ ನೋಡಿದಳು. ಅವರು ಆಗಲೇ ಕೈ ಒರೆಸಿಕೊಂಡು ಏಳುತ್ತಿದ್ದರು.

ಹಾಲಸ್ವಾಮಿಯವರ ತೋಟದ ಬಾವಿ ಅವಳಿಗೆ ಗೊತ್ತಿತ್ತು. ಅಜ್ಜನ ಕಾಲದ ಕಲ್ಲುಕಟ್ಟಡದ ಬಾವಿ. ಗೋಡೆಯಿಂದ ಚಾಚಿಕೊಂಡ ಕಲ್ಲಿನ ಮೆಟ್ಟಿಲು, ಇಪ್ಪತ್ತು ಅಡಿ ಆಳದಲ್ಲಿ ಒಂದು ಕಟ್ಟೆ, ನಲವತ್ತೈದು ಅಡಿಗೆ ಇನ್ನೊಂದು. ತೋಟದ ಮೂರು ಕೊಳವೆಬಾವಿಗಳೂ ಶಿವರಾತ್ರಿಯ ಹೊತ್ತಿಗೆ ಬತ್ತಿದ ಮೇಲೆ, ಹತ್ತು ವರ್ಷದಿಂದ ಯಾರೂ ಇಣುಕದಿದ್ದ ಈ ಬಾವಿಯೇ ಗತಿಯಾಗಿತ್ತು. ಪಂಪು ನೀರಿಗೆ ಹತ್ತಿರವಿದ್ದರೆ ಮಾತ್ರ ನೀರೆಳೆಯುತ್ತದೆ. ಕರೆಂಟನ್ನು ನಂಬುವಂತಿಲ್ಲವೆಂದು ಮಾರ್ಚ್‌ನಲ್ಲೇ ಡೀಸೆಲ್ ಎಂಜಿನ್ ತಂದು ಬಾವಿಯ ದಡದ ಮೇಲಿಟ್ಟಿದ್ದರು. ಏಪ್ರಿಲ್‌ನಲ್ಲಿ ಮೊದಲ ಕಟ್ಟೆಗೆ ಇಳಿಯಿತು. ನೀರು ಕೆಳಗೆ ಸರಿದಷ್ಟೂ ಎಂಜಿನ್ ಅದರ ಹಿಂದೆಯೇ ಇಳಿಯುತ್ತಿತ್ತು.

"ಅಬ್ಬಾ, ಅಷ್ಟು ಆಳದಲ್ಲಿ ಹೊಗೆ ಎಲ್ಲಿಗೆ ಹೋಗ್ತದೆ?" ಬೈಕ್ ಹತ್ತುವಾಗ ಸಾಬಿರಾ ತನ್ನ ಅಬ್ಬಾನನ್ನು ಕೇಳಿದಳು. ಅವಳಿಗೆ ಇಪ್ಪತ್ತೇಳು ವರ್ಷ. ಐಟಿಐನಲ್ಲಿ ಡೀಸೆಲ್ ಮೆಕ್ಯಾನಿಕ್ ಓದಿ, ತುಮಕೂರಿನ ಒಂದು ವರ್ಕ್‌ಶಾಪಿನಲ್ಲಿ ಮೂರು ವರ್ಷ ದುಡಿದು, ಈಗ ತಂದೆಯ ಶೆಡ್ಡಿಗೇ ವಾಪಸಾಗಿದ್ದಳು.

"ಸೈಲೆನ್ಸರಿಗೆ ಪೈಪ್ ಹಾಕಿ ಮೇಲಕ್ಕೆ ಬಿಟ್ಟಿರ್ತಾರೆ. ಸ್ಟಾರ್ಟ್ ಮಾಡಿ ಹತ್ತಿಬಿಡೋದು, ಐದು ನಿಮಿಷದ ಕೆಲಸ."

ತೋಟ ತಲುಪಿದಾಗ ಹಾಲಸ್ವಾಮಿಯವರ ಬಾಮೈದ ಭೀಮರಾಜು ತನ್ನ ದೊಡ್ಡ ಬಿಳಿ ಕಾರನ್ನು ಹೊಂಗೆ ಮರದ ಕೆಳಗೆ ನಿಲ್ಲಿಸಿಕೊಂಡು, ಬಾಗಿಲು ತೆರೆದು, ಎಸಿ ಹಾಕಿಕೊಂಡು ಕೂತಿದ್ದ. ಕಾರಿನ ಎಂಜಿನ್ ಗುರ್‌ಗುಟ್ಟುತ್ತಲೇ ಇತ್ತು.

"ಮತ್ತೆ ಎರಡು ರೂಪಾಯಿ ಏರಿಸಿದ್ರಲ್ಲ ಸಾಬ್ರೇ ಡೀಸೆಲ್ಗೆ! ಬರೀ ಟ್ಯಾಕ್ಸು. ಈ ಗಾಡಿ ಲೀಟ್ರಿಗೆ ಒಂಬತ್ತು ಕೊಟ್ರೆ ಹೆಚ್ಚು. ನಾವು ಬದುಕೋದು ಹೆಂಗೆ?" ಅಂದ.

"ಮೊದ್ಲು ಗಾಡಿ ಆಫ್ ಮಾಡಪ್ಪ," ಎಂದು ನೂರ್ ಅಹಮದ್ ನಕ್ಕು ಬಾವಿಯ ಕಡೆ ನಡೆದರು.

ಬಾವಿಯ ದಡದಲ್ಲಿ ಒಂದು ಗೂಟಕ್ಕೆ ಡೀಸೆಲ್ ಕ್ಯಾನ್ ಕಟ್ಟಿದ್ದರು. ಎಂಜಿನ್ನಿನ ಸ್ವಂತ ಟ್ಯಾಂಕು ತೂತಾಗಿತ್ತು. ಅದಕ್ಕೇ ಕ್ಯಾನಿನಿಂದ ಬೆರಳು ಗಾತ್ರದ ಪ್ಲಾಸ್ಟಿಕ್ ಪೈಪೊಂದು ನೇರ ಕೆಳಗಿನ ಎಂಜಿನ್ನಿಗೆ ಇಳಿದಿತ್ತು. ನೂರ್ ಅಹಮದ್ ಕ್ಯಾನಿನ ಮುಚ್ಚಳ ತೆಗೆದು ಮೂಸಿದರು.

"ಇದಕ್ಕೇನು ಬೆರೆಸಿದೀರಿ ಸ್ವಾಮ್ಗಳೇ?"

ಹಾಲಸ್ವಾಮಿಯವರು ಸೊಂಟದ ಟವೆಲ್ ಸರಿಮಾಡಿಕೊಂಡರು. "ಟ್ರಾಕ್ಟ್ರಿಂದ ಇಳಿಸಿದ್ದ ಹಳೇ ಆಯಿಲ್ ಇತ್ತು, ಸೋಸಿ ಒಂದರ್ಧ ಹಾಕ್ದೆ. ರೇಟ್ ನೋಡಿ ಹೆಂಗಾಗೈತೆ. ದಿನಕ್ಕೆ ಆರು ಗಂಟೆ ಓಡಬೇಕಲ್ಲ."

"ಅದಕ್ಕೇ ಕಟ್ಕೊಂಡೈತೆ."

ಸಾಬಿರಾ ಬಗ್ಗಿ ನೋಡಿದಳು. ಕೆಳಗೆ ಕತ್ತಲಲ್ಲಿ ಎಂಜಿನ್ನಿನ ಹಸಿರು ಬಣ್ಣ ಮಸುಕಾಗಿ ಕಂಡಿತು. ಸೈಲೆನ್ಸರಿನ ಕಬ್ಬಿಣದ ಪೈಪು ಮೊದಲ ಕಟ್ಟೆಯವರೆಗೂ ಬಂದಿರಲಿಲ್ಲ; ಆಳಿನೆತ್ತರ ಏರಿ ಅಲ್ಲೇ ನಿಂತಿತ್ತು.

"ಅಬ್ಬಾ, ಪೈಪ್ ಅರ್ಧಕ್ಕೇ ಇದೆ. ಬೇಡ. ಪೈಪ್ ತಂದು ಹಾಕಿ ನಾಳೆ ಮಾಡೋಣ."

"ನಾಳೆ ಅಂದ್ರೆ ಸಸಿ ಒಣಗ್ತವೆ ಕಣಮ್ಮ," ಎಂದರು ಹಾಲಸ್ವಾಮಿ. ಅವರು ಕೈ ತೋರಿಸಿದ ಕಡೆ ಇನ್ನೂರು ತೆಂಗಿನ ಸಸಿಗಳು ತಲೆ ಜೋಲು ಹಾಕಿ ನಿಂತಿದ್ದವು.

ನೂರ್ ಅಹಮದ್ ಸಸಿಗಳನ್ನೂ ನೋಡಿದರು, ಮಗಳನ್ನೂ ನೋಡಿದರು. "ಸ್ಟಾರ್ಟ್ ಮಾಡ್ತೀನಿ, ಬತ್ತೀನಿ," ಅಂದರು. ಹಗ್ಗ ಕಟ್ಟಿಕೊಳ್ಳಿ ಎಂದು ಅವಳು ಹೇಳುವಷ್ಟರಲ್ಲಿ ನಾಲ್ಕು ಮೆಟ್ಟಿಲು ಇಳಿದಾಗಿತ್ತು.

ಕೆಳಗಿನಿಂದ ಸ್ಪ್ಯಾನರ್ ತಿರುಗುವ ಸದ್ದು ಬರುತ್ತಿತ್ತು. ಡೀಸೆಲ್ ಪೈಪಿನ ಗಾಳಿ ತೆಗೆದರು, ಕ್ಲಿಪ್ ಬಿಗಿದರು, ಹ್ಯಾಂಡಲ್ ಹೊಡೆದರು. ಐದನೇ ಸಲಕ್ಕೆ ಎಂಜಿನ್ ಕೆಮ್ಮಿತು. ಆರನೆಯದಕ್ಕೆ ಹತ್ತಿಕೊಂಡಿತು. ಬಾವಿಯ ಗೋಡೆಗಳೆಲ್ಲ ಗುಡುಗುಡು ಅನ್ನತೊಡಗಿದವು. ಒಂದು ನಿಮಿಷದಲ್ಲಿ ದಡದ ಪೈಪಿನ ಬಾಯಿಗೆ ಕೆಸರು ನೀರು, ಆಮೇಲೆ ತಿಳಿನೀರು ಬಂತು.

"ಬಂತು! ಬಂತು ಕಣ್ಲಾ ಕೆಂಚಪ್ಪ, ಕಾಲುವೆ ತಿರುವು ಓಡು!" ಹಾಲಸ್ವಾಮಿಯವರು ಅಂಗೈಯಲ್ಲಿ ನೀರು ಹಿಡಿದು ಮುಖಕ್ಕೆ ಎರಚಿಕೊಂಡರು.

ಸಾಬಿರಾ ಬಾವಿಯ ಅಂಚು ಬಿಟ್ಟು ಅಲ್ಲಾಡಲಿಲ್ಲ. ತಂದೆ ತಲೆಯೆತ್ತಿ ಕೈ ಸನ್ನೆ ಮಾಡಿದರು: ಪಂಪಿನ ಹತ್ತಿರ ಎಲ್ಲೋ ಸೋರುತ್ತಿದೆ, ಬಿಗಿ ಮಾಡಿ ಬರುತ್ತೇನೆ. ಅವಳು ಎರಡೂ ಕೈ ಬೀಸಿ ಬೇಡ, ಬನ್ನಿ ಎಂದಳು. ಅವರು ಬಗ್ಗಿಬಿಟ್ಟಿದ್ದರು. ಕರಿಹೊಗೆ ಮೇಲೆ ಬರುತ್ತಿರಲಿಲ್ಲ. ಮೊದಲ ಕಟ್ಟೆಯ ಕೆಳಗೆ ಕಪ್ಪು ಕಂಬಳಿ ಹಾಸಿದ ಹಾಗೆ ನಿಂತು, ಅಲ್ಲೇ ಸುತ್ತುತ್ತಿತ್ತು.

ಹೊಗೆಯ ಸಂದಿಯಿಂದ ಅವಳು ನೋಡುತ್ತಿದ್ದಂತೆ ಅವರು ಸ್ಪ್ಯಾನರ್ ಕೆಳಗಿಟ್ಟರು. ಹಣೆ ಒತ್ತಿಕೊಂಡರು. ಮೆಟ್ಟಿಲ ಕಡೆ ಒಂದು ಹೆಜ್ಜೆ ಇಟ್ಟು, ಏನೋ ನೆನಪಾದವರಂತೆ ನಿಂತರು. ಆಮೇಲೆ ಗೋಡೆಗೆ ಬೆನ್ನು ಕೊಟ್ಟು ಮೆಲ್ಲಗೆ ಕೂತುಬಿಟ್ಟರು. ತಲೆ ಎದೆಗೆ ವಾಲಿತು.

"ಅಬ್ಬಾ!"

ಎಂಜಿನ್ನಿನ ಸದ್ದಿನಲ್ಲಿ ಅವಳ ಕೂಗು ಅವಳಿಗೇ ಕೇಳಲಿಲ್ಲ. ಒಂದು ಕಲ್ಲು ತೆಗೆದು ಅವರ ಪಕ್ಕದ ನೀರಿಗೆ ಎಸೆದಳು. ನೀರು ಅವರ ಮೈಮೇಲೆ ಸಿಡಿಯಿತು. ಅವರು ಅಲುಗಲಿಲ್ಲ.

ಅವಳು ಕಲ್ಲೆಸೆದದ್ದು ಕಂಡು ಓಡಿಬಂದ ಕೆಂಚಪ್ಪ ಆಗಲೇ ಮೆಟ್ಟಿಲಿಗೆ ಕಾಲಿಟ್ಟಿದ್ದ. ಐವತ್ತು ದಾಟಿದ, ಮರ ಹತ್ತಿ ಹತ್ತಿ ಗಟ್ಟಿಯಾದ ಆಳು. ಸಾಬಿರಾ ಅವನ ಅಂಗಿ ಹಿಡಿದು ಹಿಂದಕ್ಕೆಳೆದಳು.

"ಬುಡಮ್ಮ, ಎತ್ಕೊಂಡು ಬತ್ತೀನಿ!"

"ಇಳಿದ್ರೆ ನೀನೂ ಅಲ್ಲೇ ಕೂತ್ಕೋತೀಯ ಅಣ್ಣ. ಎಂಜಿನ್ ನಿಲ್ಲೋವರ್ಗೂ ಯಾರೂ ಇಳೀಬಾರ್ದು. ಯಾರೂ!"

ಹೇಳಿದಳೇ ಹೊರತು ಅವಳ ಕಾಲೇ ಮೆಟ್ಟಿಲ ಕಡೆ ಎಳೆಯುತ್ತಿತ್ತು. ವರ್ಕ್‌ಶಾಪಿನಲ್ಲಿ ಒಮ್ಮೆ ಶಟರ್ ಮುಚ್ಚಿ ಲಾರಿಯ ಎಂಜಿನ್ ಓಡಿಸಿದ್ದಾಗ ಇಬ್ಬರು ಬಿದ್ದಿದ್ದನ್ನು ಅವಳು ಕಂಡಿದ್ದಳು. ಎರಡನೆಯವನು ಮೊದಲನೆಯವನನ್ನು ಎಬ್ಬಿಸಲು ಹೋದವನು.

ಅವಳು ಕ್ಯಾನಿನ ನಲ್ಲಿ ತಿರುಗಿಸಿ ಡೀಸೆಲ್ ನಿಲ್ಲಿಸಿದಳು. ಎಂಜಿನ್ ಓಡುತ್ತಲೇ ಇತ್ತು. ಹತ್ತು ಎಣಿಸಿದಳು, ಇಪ್ಪತ್ತು ಎಣಿಸಿದಳು. ಆಗ ಹೊಳೆಯಿತು: ನಲವತ್ತೈದು ಅಡಿ ಪೈಪಿನ ತುಂಬ ಡೀಸೆಲ್ ಇದೆ. ಅಷ್ಟು ಸಾಕು, ಇನ್ನೂ ಅರ್ಧ ಗಂಟೆ ಓಡುತ್ತದೆ.

"ಪೈಪ್ ಹಿಡೀರಿ! ಎಲ್ರೂ ಸೇರಿ ಎಳೀರಿ, ಎಂಜಿನ್ನಿಂದ ಕಿತ್ತು ಬರ್ಬೇಕು!"

ಕಾರು ಬಿಟ್ಟು ಓಡಿಬಂದ ಭೀಮರಾಜುವೂ ಸೇರಿ ನಾಲ್ವರೂ ಎಳೆದರು. ಪೈಪು ಹಿಗ್ಗಿತೇ ಹೊರತು ಬಿಡಲಿಲ್ಲ. ಕ್ಲಿಪ್ ಬಿಗಿದವರು ಅವಳ ತಂದೆ. ಅವರು ಬಿಗಿದದ್ದು ಸುಲಭಕ್ಕೆ ಸಡಿಲವಾಗುತ್ತಿರಲಿಲ್ಲ. ಎರಡನೇ ಸಲ ಎಳೆದಾಗ ಭೀಮರಾಜು ಜಾರಿ ಬಿದ್ದ. ಮೂರನೇ ಸಲ ಪೈಪು ಕಿತ್ತುಕೊಂಡು ಹಾವಿನಂತೆ ಮೇಲೆ ಹಾರಿ ಎಲ್ಲರ ಮೇಲೂ ಡೀಸೆಲ್ ಚೆಲ್ಲಿತು. ಎಂಜಿನ್ ಮುಗ್ಗರಿಸಿತು, ಎರಡು ಸಲ ಕೆಮ್ಮಿ ನಿಂತಿತು.

"ಅಬ್ಬಾ," ಎಂದು ಅವಳು ಮೆಲ್ಲಗೆ ಕರೆದಳು. ಬಾವಿ ಅವಳ ದನಿಯನ್ನೇ ವಾಪಸು ಕೊಟ್ಟಿತು.

"ದೀಪ ಬುಟ್ಟು ನೋಡಾನ. ಆರದಿದ್ರೆ ಇಳೀಬೋದು," ಎಂದರು ಹಾಲಸ್ವಾಮಿ.

"ದೀಪಕ್ಕೆ ಈ ವಿಷ ಗೊತ್ತಾಗಲ್ಲ ಸ್ವಾಮ್ಗಳೇ, ಉರೀತಾನೇ ಇರ್ತದೆ. ಸೊಪ್ಪು ಕಡೀರಿ, ಗಾಳಿ ಆಡಿಸ್ಬೇಕು."

ಕೆಂಚಪ್ಪ ಹೊಂಗೆ ಕೊಂಬೆಗಳನ್ನು ಕಡಿದು ದೊಡ್ಡ ಹೊರೆ ಕಟ್ಟಿದ. ಹಗ್ಗಕ್ಕೆ ಬಿಗಿದು ಬಾವಿಗೆ ಬಿಟ್ಟು, ಮೇಲಕ್ಕೆಳೆದು, ಮತ್ತೆ ಬಿಟ್ಟರು. ಹೊರೆ ಇಳಿದಾಗಲೆಲ್ಲ ಹೊಗೆ ಪಕ್ಕಕ್ಕೆ ಸರಿದು ಮೇಲೇರುತ್ತಿತ್ತು. ಸಾಬಿರಾ ಪ್ರತಿ ಎಳೆತವನ್ನೂ ಎಣಿಸುತ್ತಿದ್ದಳು. ಬೇಗ ಇಳಿದರೆ ಇಬ್ಬರೂ ಹೋಗುತ್ತೇವೆ, ತಡವಾದರೆ ಅವರು ಹೋಗುತ್ತಾರೆ. ಎಷ್ಟು ಸಾಕು ಎಂದು ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ಅರವತ್ತಕ್ಕೆ ಅವಳು ನಿಲ್ಲಿಸಿದಳು.

"ನಾನು ಇಳೀತೀನಿ," ಎಂದು ಕಂಕುಳ ಕೆಳಗೆ ಹಗ್ಗ ಸುತ್ತಿಕೊಂಡಳು. "ಅಣ್ಣ, ಹಗ್ಗ ಜಗ್ತಾ ಇರ್ತೀನಿ. ಜಗ್ಗೋದು ನಿಂತ್ರೆ ಎತ್ತಿಬಿಡಿ. ಬೇಡ ಅಂತ ಕಿರುಚಿದ್ರೂ ಎತ್ತಿ."

"ಹಗ್ಗ ಕಾರಿಗೆ ಕಟ್ಟಿಬಿಡ್ಲಾ? ಒಂದೇ ಸಲಕ್ಕೆ ಎಳೀತದೆ," ಎಂದ ಭೀಮರಾಜು.

"ಬೇಡ. ತಲೆ ಕಲ್ಲಿಗೆ ಸಿಕ್ಕಿದ್ರೆ ಕಾರಿಗೆ ಗೊತ್ತಾಗಲ್ಲ. ಕೈಲೇ ಎಳೀರಿ."

ಮೊದಲ ಕಟ್ಟೆಯಲ್ಲಿ ನಿಂತು ಅವಳು ಎದೆ ತುಂಬ ಉಸಿರೆಳೆದು ಕಟ್ಟಿಕೊಂಡಳು. ಕೆಳಗಿನ ಮೆಟ್ಟಿಲುಗಳು ಎಣ್ಣೆಯಾಗಿ ಜಾರುತ್ತಿದ್ದವು. ಬಿಸಿ ಸೈಲೆನ್ಸರ್ ಮೊಣಕೈಗೆ ತಾಗಿ ಚರ್ಮ ಸುಟ್ಟಿತು. ಅವಳು ಬಾಯಿ ತೆರೆಯಲಿಲ್ಲ. ತಂದೆಯ ಮುಖ ಕೆಂಪಾಗಿ, ಒಳ್ಳೆಯ ನಿದ್ದೆಯಲ್ಲಿರುವವರ ಹಾಗಿತ್ತು. ಮೇಲಿನಿಂದ ಇಳಿಬಿಟ್ಟಿದ್ದ ಇನ್ನೊಂದು ಹಗ್ಗವನ್ನು ಅವರ ಬೆನ್ನ ಹಿಂದೆ ತೂರಿಸುವಾಗ ಕಟ್ಟಿದ್ದ ಉಸಿರು ಮುಗಿಯಿತು. ತಡೆಯಲಾಗದೆ ಒಂದು ಸಲ ಉಸಿರಾಡಿದಳು, ಇನ್ನೊಂದು ಸಲ. ಗಂಟು ಎರಡೆರಡಾಗಿ ಕಾಣತೊಡಗಿತು. ಯಾವ ಗಂಟು ನಿಜವೆಂದು ಬೆರಳಿನಿಂದಲೇ ತಡಕಿ ಬಿಗಿದು, ಎತ್ತಿರೆಂದು ಅವರ ಹಗ್ಗವನ್ನು ಎರಡು ಸಲ ಜಗ್ಗಿದಳು.

ತಂದೆಯ ಕಾಲುಗಳು ಅವಳ ಮುಖದ ಮುಂದೆ ತೂಗುತ್ತಾ ಮೇಲೇರಿದವು. ಅಲ್ಲಿಂದ ಮುಂದೆ ಅವಳಿಗೆ ನೆನಪಿರುವುದು ಬೆನ್ನಿಗೆ ಕಲ್ಲು ಉಜ್ಜಿದ್ದು ಮಾತ್ರ. ಕಣ್ಣು ಬಿಟ್ಟಾಗ ಕೆಂಚಪ್ಪ ಅವಳ ಕೆನ್ನೆಗೆ ತಟ್ಟುತ್ತಾ, "ಜಗ್ಗೋದು ನಿಂತೋಯ್ತು ಕಣವ್ವ, ಎತ್ತಿಬುಟ್ವಿ," ಎಂದು ಅಳುತ್ತಿದ್ದ. ಪಕ್ಕದಲ್ಲಿ ಮಲಗಿಸಿದ್ದ ತಂದೆಯ ಎದೆಗೆ ಕಿವಿಯಿಟ್ಟಳು. ಬಹಳ ದೂರದಲ್ಲಿ ಯಾರೋ ಬಾಗಿಲು ತಟ್ಟಿದ ಹಾಗೆ ಕೇಳಿತು.

ಭೀಮರಾಜುವಿನ ಕಾರು ಹದಿನೈದೇ ನಿಮಿಷದಲ್ಲಿ ತುರುವೇಕೆರೆ ಆಸ್ಪತ್ರೆ ಮುಟ್ಟಿತು. ಅಲ್ಲಿ ಆಕ್ಸಿಜನ್ ಹಾಕಿ ತುಮಕೂರಿಗೆ ಕಳಿಸಿದರು. ತಾಯಿ ನಸೀಮ್ ಬಾನು ಆಸ್ಪತ್ರೆಯ ಮೊಗಸಾಲೆಯಲ್ಲಿ ತಸ್ಬಿಯ ಜಪಮಣಿ ಹಿಡಿದು ಕೂತವರು ಊಟಕ್ಕೂ ಏಳಲಿಲ್ಲ. ಮಾರನೆಯ ದಿನ ಮಧ್ಯಾಹ್ನ ನೂರ್ ಅಹಮದ್ ಕಣ್ಣು ತೆರೆದರು. ಹೆಂಡತಿಯನ್ನು ಗುರುತಿಸಿದರು. ಮಗಳನ್ನು ಬಹಳ ಹೊತ್ತು ನೋಡಿ, "ನೀನು ಯಾರ ಮನೆಯವಳಮ್ಮ?" ಎಂದು ಕೇಳಿದರು.

ಸಂಜೆಯ ಹೊತ್ತಿಗೆ ಹೆಸರು ನೆನಪಾಯಿತು. ಮಿಕ್ಕದ್ದು ನಿಧಾನವಾಗಿ ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರು. ಮನೆಗೆ ಬಂದ ಮೇಲೂ ಕೈ ನಡುಗುತ್ತಿತ್ತು. ಶೆಡ್ಡಿಗೆ ಬಂದು ಕೂತು ಒಂದು ಪಂಪ್ ಬಿಚ್ಚುತ್ತಿದ್ದರು. ಮತ್ತೆ ಜೋಡಿಸುವುದು ಹೇಗೆಂದು ತಿಳಿಯದೆ ನಟ್ಟುಗಳನ್ನು ಅಂಗೈಯಲ್ಲಿ ಹಿಡಿದು ನೋಡುತ್ತಿದ್ದರು. ಸಾಬಿರಾ ತಾನೇ ಜೋಡಿಸುತ್ತಿದ್ದಳು.

ಒಂದು ದಿನ ಹಾಲಸ್ವಾಮಿಯವರು ಎಳನೀರಿನ ಗೊನೆ ಹೊತ್ತು ಬಂದರು. ನೂರ್ ಅಹಮದ್ ಅವರನ್ನು ನೋಡಿ ನಕ್ಕರು, ಯಾರೆಂದು ಗೊತ್ತಾಗಿರಲಿಲ್ಲ.

"ಆ ಸುಟ್ಟ ಆಯಿಲ್ ಹಾಕ್ದೋನು ನಾನು ಕಣಮ್ಮ," ಎಂದರು ಅವರು ಸಾಬಿರಾಗೆ, ಮುಖ ಎತ್ತದೆ. "ಪೈಪ್ ಪೂರ್ತಿ ತರದೆ ಬುಟ್ಟೋನೂ ನಾನೇ."

ಬೈಯಬೇಕೆಂದು ಅವಳು ಎಷ್ಟೋ ಮಾತು ಕೂಡಿಟ್ಟುಕೊಂಡಿದ್ದಳು. ಬಾಯಿಗೆ ಬಂದದ್ದು ಬೇರೆಯೇ. "ಸಸಿ ಹೆಂಗಿದಾವೆ?"

"ಅರ್ಧಕ್ಕರ್ಧ ಹೋದ್ವು. ಬಾವೀಲಿ ನೀರು ಎರಡನೇ ಕಟ್ಟೆಯಿಂದ ಇಪ್ಪತ್ತಡಿ ಕೆಳಕ್ಕೆ ಹೋಗೈತೆ. ಇನ್ನು ಅದರ ಕೆಳಗೆ ಕಟ್ಟೆ ಇಲ್ಲ." ಅವರು ಟವೆಲಿನಿಂದ ಕಣ್ಣೊರೆಸಿಕೊಂಡು ಎದ್ದುಹೋದರು.

ಅದಾಗಿ ನಾಲ್ಕೇ ದಿನಕ್ಕೆ ದಬ್ಬೇಘಟ್ಟದ ಕಡೆಯಿಂದ ಒಂದು ಫೋನ್ ಬಂತು. ಗುರುತಿಲ್ಲದ ದನಿ.

"ನೂರ್ ಸಾಬ್ರ ಶೆಡ್ಡಾ? ಎಂಜಿನ್ ಸ್ಟಾರ್ಟ್ ಆಯ್ತು, ನೀರು ಹಿಡೀತಾ ಇಲ್ಲ. ನಮ್ಮ ತಮ್ಮ ಕೆಳಗೇ ನಿಂತವ್ನೆ, ಏನ್ ಮಾಡ್ಬೇಕು ಹೇಳಿ."

"ಕೆಳಗೆ ಅಂದ್ರೆ?"

"ಬಾವೀಲಿ ಕಣಮ್ಮ. ನಲವತ್ತಡೀಲಿ."

ಸಾಬಿರಾ ಎದ್ದು ನಿಂತಳು. ಫೋನಿನಲ್ಲಿ ಆ ಗುಡುಗುಡು ಕೇಳುತ್ತಿತ್ತು. "ಎಂಜಿನ್ ಆಫ್ ಮಾಡಿ ಈಗಿಂದೀಗ್ಲೇ ಹತ್ತಿ ಬಾ ಅನ್ನಿ. ನೀರು ಹಾಳಾಗ್ಲಿ. ಮೊದ್ಲು ಹತ್ತಿ ಬಾ ಅನ್ನಿ!"

"ಏನಾಯ್ತಮ್ಮ? ಚೆನ್ನಾಗೇ ಅವ್ನಲ್ಲ..."

"ಕೂಗ್ರೀ!"

ಆತ ಫೋನ್ ಕಿವಿಯಿಂದ ತೆಗೆದು ಓಡಿದ್ದು ಕೇಳಿಸಿತು. ತಮ್ಮನ ಹೆಸರು ಹಿಡಿದು ಕೂಗಿದ. ಒಂದು ಸಲ. ಇನ್ನೊಂದು ಸಲ. ಉತ್ತರವಿಲ್ಲ, ಎಂಜಿನ್ನಿನ ಸದ್ದು ಮಾತ್ರ. ಅವಳ ಸುಟ್ಟ ಮೊಣಕೈ ಗೋಡೆಗೆ ಒತ್ತಿ ಉರಿಯುತ್ತಿದ್ದರೂ ಅವಳು ಅಲುಗಲಿಲ್ಲ. ತಂದೆ ನಟ್ಟು ಕೆಳಗಿಟ್ಟು ಅವಳ ಮುಖವನ್ನೇ ನೋಡುತ್ತಿದ್ದರು.

ಸದ್ದು ನಿಂತಿತು.

ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಕೊನೆಗೆ ಯಾರೋ ಜೋರಾಗಿ ಕೆಮ್ಮಿದ್ದು, ಕಲ್ಲಿನ ಮೇಲೆ ಚಪ್ಪಲಿ ಉಜ್ಜಿದ್ದು ಕೇಳಿತು.

"ಹತ್ತಾವ್ನೆ ಕಣಮ್ಮ," ಎಂದಿತು ದನಿ. "ತಲೆ ಸುತ್ತದೆ ಅಂತಾವ್ನೆ. ಹತ್ತಾವ್ನೆ."

"ನೆರಳಿಗೆ ಕೂರಿಸಿ, ಆಸ್ಪತ್ರೆಗೆ ಕರ್ಕೊಂಡು ಹೋಗಿ," ಎಂದು ಹೇಳಿ ಸಾಬಿರಾ ನೆಲದ ಮೇಲೆ ಕೂತಳು. ನೂರ್ ಅಹಮದ್ ಮೆಲ್ಲಗೆ ಎದ್ದು ಬಂದು, ನಡುಗುವ ಕೈಯನ್ನು ಅವಳ ತಲೆಯ ಮೇಲಿಟ್ಟರು.