ತಿಪ್ಪೆಯೊಳಗಿನ ಗೂಡು

ಗುದ್ದಲಿ ತಿಪ್ಪೆಗೆ ಇಳಿದದ್ದೇ ತಡ, ಗೊಬ್ಬರದ ಜೊತೆ ಮಣ್ಣು ಮೆತ್ತಿದ ಪುಟ್ಟ ಗೂಡುಗಳು ಉದುರಿದವು. ಮಾಯಮ್ಮ ಒಂದನ್ನು ಉಗುರಿನಲ್ಲಿ ಸೀಳಿದಳು. ಒಳಗೆ ಕಂದು ಬಣ್ಣದ ಕೋಶ, ಜೀವಂತವಾಗಿ ಮಿಸುಕಾಡುತ್ತಿತ್ತು. ಮೂವತ್ತು ವರ್ಷ ರೇಷ್ಮೆಹುಳ ಸಾಕಿದವಳಿಗೆ ಅದೇನೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಮಾವಿನಕಾಯಿ ಕೊರೆಯುವ ಹಾಳು ಹುಳ ಚಿಟ್ಟೆಯಾಗುತ್ತಿದ್ದದ್ದು ಇಲ್ಲೇ!

ಕೂಟಗಲ್ಲಿನ ಆ ತೋಟದಲ್ಲಿ ಹದಿನಾಲ್ಕು ಬಾದಾಮಿ ಮಾವಿನ ಮರಗಳಿದ್ದವು. ಮದುವೆಯಾಗಿ ಬಂದ ವರ್ಷ ಅವಳೇ ನೆಟ್ಟು, ಕೊಡದಲ್ಲಿ ನೀರು ಹೊತ್ತು ಉಳಿಸಿದ್ದು. ಮೂರು ವರ್ಷದಿಂದ ಕಾಯಿ ಬಲಿಯುವ ಮೊದಲೇ ಹುಳ ಬಿದ್ದು ಉದುರುತ್ತಿದ್ದವು. ಔಷಧಿ ಹೊಡೆಯೋಣವೆಂದರೆ ಬದುವಿನಾಚೆಯೇ ಹಿಪ್ಪುನೇರಳೆ. ಸೊಪ್ಪಿಗೆ ಒಂದು ಹನಿ ಹಾರಿದರೂ ಮನೆಯ ರೇಷ್ಮೆಹುಳವೆಲ್ಲ ಗೊಟಕ್. ಸಾಕುಸಾಕಾದ ಗಂಡ ನರಸಯ್ಯ, ಮರ ಕಡಿಸುವುದೆಂದು ವ್ಯಾಪಾರಿಗೆ ಮಾತು ಕೊಟ್ಟಿದ್ದ. ಆತ ಬರುವುದು ನಾಳೆ ಬೆಳಿಗ್ಗೆ.

ಮಾಯಮ್ಮನೋ, ಬುಡ ಗಲೀಜಾಗಬಾರದೆಂದು ದಿನಾ ಉದುರುಗಾಯಿ ಆಯ್ದು, ರೇಷ್ಮೆಹುಳದ ಮನೆಯ ಕಸದ ಜೊತೆ ಈ ತಿಪ್ಪೆಗೇ ಸುರಿಯುತ್ತಿದ್ದಳು. ಅಚ್ಚುಕಟ್ಟಿನ ಹೆಂಗಸು ಅಂತ ಊರವರು ಹೊಗಳಿದ್ದೂ ಉಂಟು. ಆ ಹೊಗಳಿಕೆಗಿಷ್ಟು ಬೆಂಕಿ ಹಾಕ! ಸೊಪ್ಪು ಹಾಕಿ ಒಂದು ಹುಳ ಸಾಕಿದಳು, ಕಾಯಿ ಹಾಕಿ ಇನ್ನೊಂದನ್ನು. ನಾಚಿಕೆಯಿಂದ ಅವಳ ಮೈ ಹಿಡಿಯಾಯಿತು. ಆದರೆ ಅಳುತ್ತ ಕೂರುವ ಜಾಯಮಾನ ಅವಳದ್ದಲ್ಲ.

ಸೊಪ್ಪು ಕೊಯ್ಯುತ್ತಿದ್ದ ಗಂಡನ ಮುಂದೆ ಹೋಗಿ ಅಂಗೈ ಬಿಚ್ಚಿ ಗೂಡು ತೋರಿಸಿದಳು. "ತಪ್ಪು ನಂದು, ಮರದ್ದಲ್ಲ. ನಾನೇ ಸಾಕಿವ್ನಿ ಇವ್ನ."

ನರಸಯ್ಯ ಗೂಡನ್ನೂ ಅವಳನ್ನೂ ನೋಡಿದ. "ಮಾತು ಕೊಟ್ಟಾಗೈತೆ ಕಣಮ್ಮಿ."

"ಮಾತು ಕೊಟ್ಟೋರು ನೀವು, ಮರ ನೆಟ್ಟೋಳು ನಾನು. ಒಂದ್ ಫಸ್ಲು ಬುಡಿ. ಮುಂದಿನ್ ಸಲಾನೂ ಹಿಂಗೇ ಉದುರುದ್ರೆ, ಕೊಡ್ಲಿ ನಾನೇ ತಂದ್ಕೊಡ್ತೀನಿ."

ಅವನು ಮತ್ತೆ ಸೊಪ್ಪಿಗೆ ಕೈ ಹಾಕಿದ. ಅವಳು ಉತ್ತರಕ್ಕೆ ಕಾಯಲಿಲ್ಲ. ಹೊತ್ತು ಮುಳುಗುವವರೆಗೆ ತಿಪ್ಪೆಯನ್ನೆಲ್ಲ ಕೆದಕಿ, ಜರಡಿ ಹಿಡಿದು, ಸಿಕ್ಕಿದ ಗೂಡುಗಳನ್ನು ಒಲೆಗೆ ಹಾಕಿದಳು. ಉದುರುಗಾಯಿಯನ್ನು, ಒಳಗಿನ ಹುಳ ಮುಳುಗಿ ಸಾಯಲೆಂದು, ನೀರು ತುಂಬಿದ ಡ್ರಮ್ಮಿಗೆ ಸುರಿದು ಮುಚ್ಚಳ ಬಿಗಿದಳು. ಸೊಂಟ ಬಿದ್ದೇಹೋಗಿತ್ತು.

ಬೆಳಿಗ್ಗೆ ವ್ಯಾಪಾರಿ ಬಂದವನೇ ಮೊದಲ ಮರಕ್ಕೆ ಅಳತೆಯ ಟೇಪು ಸುತ್ತಿದ. ಮಾಯಮ್ಮ ತಲೆ ಎತ್ತದೆ ಪಕ್ಕದ ಮರದ ಬುಡದಲ್ಲಿ ಕಾಯಿ ಆಯುತ್ತಿದ್ದಳು. ಎಷ್ಟಕ್ಕೆ ಕೊಡುತ್ತೀರೆಂದು ವ್ಯಾಪಾರಿ ಕೇಳಿದ. ನರಸಯ್ಯ ಹೆಂಡತಿಯ ಕಡೆ ನೋಡಿದ. ಎರಡನೇ ಸಲ ಕೇಳಿದಾಗ, ಕಾಲ ಬಳಿ ಬಿದ್ದಿದ್ದ ತೂತುಗಾಯಿಯೊಂದನ್ನು ಬಗ್ಗಿ ಎತ್ತಿಕೊಂಡ. ಡ್ರಮ್ಮಿನವರೆಗೆ ನಡೆದು, ಮುಚ್ಚಳ ತೆಗೆದು, ಅದನ್ನು ನೀರಿಗೆ ಹಾಕಿ, ಮತ್ತೆ ಮುಚ್ಚಳ ಒತ್ತಿದ. ಆಮೇಲೆ ಇನ್ನೊಂದು ಕಾಯಿಗೆ ಬಗ್ಗಿದ.

ವ್ಯಾಪಾರಿ ಒಂದಿಷ್ಟು ಹೊತ್ತು ನೋಡಿ, ಟೇಪು ಸುತ್ತಿಕೊಂಡು ಜೇಬಿಗಿಟ್ಟ.